ಕುಣಿಗಲ್ ಕುದುರೆಗೆ ಟೆಲಿಫೋಟೋ ಲೆನ್ಸು

ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು ಕುಣಿಗಲ್. ಬೇಲಿಯಾಚೆ ಓಡುವ ಕುದುರೆಯ ಚಿತ್ರ ಬೇಕೆಂದವರಿಗೆ ಟೆಲಿಫೋಟೋ ಲೆನ್ಸೇ ಗತಿ. ಆದರೆ ಅದು ಕುದುರೆಯನ್ನು ಹತ್ತಿರ ತರುವಂತೆಯೇ ಕೈನಡುಕವನ್ನೂ ಹಿಗ್ಗಿಸುತ್ತದೆ. 200 ಮಿ.ಮೀ. ಲೆನ್ಸಿಗೆ ಸೆಕೆಂಡಿನ 1/200 ಭಾಗ ಸಾಕೆಂಬ ಸೂತ್ರ ಹಿಡಿದ ಕೈಗೆ ಮಾತ್ರ. ಹಾರುವ ಗೊರಸಿಗೆ 1/1000 ಬೇಕು. ಮುಂಜಾನೆಯ ಮಂದ ಬೆಳಕಿನಲ್ಲಿ ಅಷ್ಟು ವೇಗ ಒದಗದಿದ್ದರೆ, ಕುದುರೆಯೊಡನೆ ಸೊಂಟದಿಂದಲೇ ತಿರುಗುತ್ತ ಗುಂಡಿ ಒತ್ತಬೇಕು. ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಲಾಗದು. ಹಿನ್ನೆಲೆ ಮಸುಕಾದರೂ ಕುದುರೆಯ ಮುಖ ಉಳಿಯುತ್ತದೆ.

ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಕೂಡಿದಾಗಲೇ ಹೊರತು ಚಾಚಿದಾಗಲ್ಲವೆಂದು 1878ರಲ್ಲಿ ಮೈಬ್ರಿಜ್ ಕ್ಯಾಲಿಫೋರ್ನಿಯದಲ್ಲಿ ತೋರಿಸಿದ. ಹಳೆಯ ಚಿತ್ರಕಾರರಲ್ಲಿ ಅನೇಕರು ಎಡವಿದ್ದು ಇಲ್ಲಿಯೇ! ಆ ಕ್ಷಣವನ್ನು ಕಂಡ ಮೇಲೆ ಒತ್ತಿದರೆ, ಕಾಲು ಆಗಲೇ ನೆಲ ಮುಟ್ಟಿರುತ್ತದೆ.