ಚಿಪ್ಪಿಲ್ಲದ ತೋಟಾ, ಸಾಕ್ಷಿಯಿಲ್ಲದ ಪಿಸ್ತೂಲು

ಭಾರತೀಯ ಸೇನೆಯ ಉತ್ತರ ಕಮಾಂಡ್ 2024ರಲ್ಲಿ 550 'ಅಸ್ಮಿ' ಮಷಿನ್ ಪಿಸ್ತೂಲುಗಳನ್ನು ಬಳಕೆಗೆ ತೆಗೆದುಕೊಂಡಿತು. ಪುಣೆಯ ಎಆರ್‌ಡಿಇ, ಅಂದರೆ ಡಿಆರ್‌ಡಿಒದ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ, ಮತ್ತು ಮಹೂವಿನ ಇನ್‌ಫೆಂಟ್ರಿ ಸ್ಕೂಲ್ ಸೇರಿ ಇದನ್ನು ರೂಪಿಸಿದವು. ಲೆಫ್ಟಿನೆಂಟ್ ಕರ್ನಲ್ ಪ್ರಸಾದ್ ಬನ್ಸೋಡ್ ಇದರ ವಿನ್ಯಾಸಕಾರರು. ತಯಾರಾಗಿದ್ದು ಹೈದರಾಬಾದಿನ ಲೋಕೇಶ್ ಮಷೀನ್ಸ್ ಕಂಪನಿಯಲ್ಲಿ. ವಿಮಾನಗಳಿಗೆ ಬಳಸುವ ದರ್ಜೆಯ ಅಲ್ಯುಮಿನಿಯಂ, ಕಾರ್ಬನ್ ಫೈಬರ್, ತ್ರೀಡಿ ಪ್ರಿಂಟಿಂಗ್ ಎಲ್ಲವೂ ಇದರ ತಯಾರಿಕೆಯಲ್ಲಿ ಸೇರಿವೆ. ಆದರೆ ಇದು ಹಾರಿಸುವ 9 ಮಿ.ಮೀ. ತೋಟಾ 1902ರ ಜರ್ಮನ್ ವಿನ್ಯಾಸ. ಒಂದು ಹಿತ್ತಾಳೆ ಚಿಪ್ಪು, ಅದರ ತುದಿಗೆ ಸೀಸದ ಗುಂಡು, ಒಳಗೆ ಮದ್ದು, ಬುಡದಲ್ಲಿ ಕೇಪು. ಗುಂಡು ಮುಂದಕ್ಕೆ ಹೋಗುತ್ತದೆ, ಖಾಲಿ ಚಿಪ್ಪು ಪಕ್ಕಕ್ಕೆ ಎಗರಿ ನೆಲಕ್ಕೆ ಬೀಳುತ್ತದೆ.

ಈ ಚಿಪ್ಪನ್ನು ಇಲ್ಲವಾಗಿಸಬೇಕೆಂದು ಹಲವು ದೇಶಗಳ ಎಂಜಿನಿಯರುಗಳು ಪಟ್ಟುಹಿಡಿದು ಪ್ರಯತ್ನಿಸಿದ್ದಾರೆ. ಇದುವರೆಗೆ ಗೆದ್ದವರಿಲ್ಲ. ಮುಂದೆ ಯಾರಾದರೂ ಗೆದ್ದರೆ ಹೆಚ್ಚು ನಷ್ಟವಾಗುವುದು ಹಿತ್ತಾಳೆ ಮಾರುವವರಿಗಲ್ಲ, ನ್ಯಾಯ ಕೇಳುವವರಿಗೆ. ನೆಲಕ್ಕೆ ಬೀಳುವ ಆ ಖಾಲಿ ಚಿಪ್ಪು ಕಸವಲ್ಲ, ಸಾಕ್ಷಿ. ಬಂದೂಕು ತಯಾರಿಕೆಗೆ ಈಗ ತೆರೆದುಕೊಳ್ಳುತ್ತಿರುವ ಹೈದರಾಬಾದಿನಂಥ ನಗರದಲ್ಲಿ ಈ ಮಾತನ್ನು ಮೊದಲೇ ಆಡಿಬಿಡುವುದು ಒಳ್ಳೆಯದು.

ಚಿಪ್ಪಿಲ್ಲದ ಬಂದೂಕು ಹೊಸ ಕಲ್ಪನೆಯಲ್ಲ, ಬಂದೂಕು ಹುಟ್ಟಿದ್ದೇ ಚಿಪ್ಪಿಲ್ಲದೆ. ಮಲೆನಾಡಿನ ಕನ್ನಡದಲ್ಲಿ ಈ ವ್ಯತ್ಯಾಸಕ್ಕೆ ಹೆಸರುಗಳೇ ಇವೆ. ನಳಿಗೆಯ ಬಾಯಿಂದ ಮದ್ದು, ಚರೆ ತುಂಬಿ ಗಜದಿಂದ ಜಡಿಯುವುದು ಕೇಪಿನ ಕೋವಿ; ಹಿಂದಿನಿಂದ ಮಡಚಿ ತೋಟಾ ಇಡುವುದು ತೋಟಾ ಕೋವಿ. ಹೈದರಾಬಾದಿನ ಗನ್‌ಫೌಂಡ್ರಿ ಎಂಬ ಬಡಾವಣೆಗೆ ಆ ಹೆಸರು ಬಂದದ್ದು, ನಿಜಾಮನ ಸೇವೆಯಲ್ಲಿದ್ದ ಫ್ರೆಂಚ್ ಸೇನಾನಿ ರೇಮಂಡ್ 18ನೇ ಶತಮಾನದ ಕೊನೆಯಲ್ಲಿ ಅಲ್ಲಿ ಫಿರಂಗಿ ಎರಕ ಹೊಯ್ಯಿಸಿದ್ದರಿಂದ. ಆ ಫಿರಂಗಿಗಳೂ ಸುಟ್ಟ ಮೇಲೆ ಹೊಗೆಯ ಹೊರತು ಏನನ್ನೂ ಉಳಿಸುತ್ತಿರಲಿಲ್ಲ. 1857ರಲ್ಲಿ ಸಿಪಾಯಿಗಳು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ ಎನ್‌ಫೀಲ್ಡ್ ತೋಟಾ ಕೂಡ ಕೊಬ್ಬು ಸವರಿದ ಕಾಗದದ್ದೇ. ಆ ವರ್ಷದ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲಾವುದ್ದೀನ್ ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಮೇಲೆ ದಾಳಿ ನಡೆಸಿದರು.

ಅದೇ 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ ಲೋಹದ ಚಿಪ್ಪಿನ ತೋಟಾ ಹಾರಿಸುವ ತನ್ನ ಮೊದಲ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಮೊದಲು ಆ ಇಬ್ಬರು ಪಾಲುದಾರರು ಕೈಹಾಕಿದ್ದು ಚಿಪ್ಪಿಲ್ಲದ 'ವಾಲ್ಕಾನಿಕ್' ಪಿಸ್ತೂಲಿಗೆ. ವಾಲ್ಟರ್ ಹಂಟ್ ಎಂಬಾತ 1848ರಲ್ಲಿ ಪೇಟೆಂಟ್ ಪಡೆದ 'ರಾಕೆಟ್ ಬಾಲ್' ಅದರ ಮೂಲ: ಗುಂಡಿನ ಬುಡವನ್ನು ಟೊಳ್ಳು ಮಾಡಿ ಮದ್ದನ್ನು ಅಲ್ಲಿಯೇ ತುಂಬುವುದು. ಟೊಳ್ಳಿನಲ್ಲಿ ಹಿಡಿಯುವ ಮದ್ದು ಕಡಿಮೆಯಾದ್ದರಿಂದ ಗುಂಡಿಗೆ ಕಸುವಿರಲಿಲ್ಲ. ಲೋಹದ ಚಿಪ್ಪು ಆ ಕೊರತೆ ನೀಗಿತು.

ಚಿಪ್ಪು ಮಾಡುವ ಕೆಲಸ ಒಂದೆರಡಲ್ಲ. ಮದ್ದು ಉರಿದಾಗ ಹಿತ್ತಾಳೆ ಅರೆಕ್ಷಣ ಹಿಗ್ಗಿ ನಳಿಗೆಯ ಹಿಂಬದಿಯನ್ನು ಬಿರಡೆಯಂತೆ ಮುಚ್ಚುತ್ತದೆ. ಇಲ್ಲವಾದರೆ ಬಿಸಿ ಅನಿಲ ಹಾರಿಸುವವನ ಮುಖಕ್ಕೇ ನುಗ್ಗುತ್ತದೆ. ಹೊರಬೀಳುವಾಗ ಒಂದಷ್ಟು ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಮಳೆ, ಬೆವರು, ಧೂಳಿನಿಂದ ಮದ್ದನ್ನು ಕಾಯುತ್ತದೆ. ಹಾರದೆ ಉಳಿದ ತೋಟಾವನ್ನು ಎಳೆದು ಹೊರಹಾಕಲು ಹಿಡಿಯಾಗುತ್ತದೆ. ಇಷ್ಟಕ್ಕೆ ಅದು ಕೇಳುವ ಬೆಲೆ ತೂಕ: ಸುಮಾರು 12 ಗ್ರಾಂ ತೂಗುವ 9 ಮಿ.ಮೀ. ತೋಟಾದಲ್ಲಿ 4 ಗ್ರಾಂನಷ್ಟು ಬರಿಯ ಹಿತ್ತಾಳೆ. ಬೆನ್ನ ಮೇಲೆ ಮದ್ದುಗುಂಡು ಹೊತ್ತು ಬೆಟ್ಟ ಹತ್ತುವ ಸೈನಿಕನಿಗೆ ಇದು ಸಣ್ಣ ಮಾತಲ್ಲ. ಚಿಪ್ಪು ಹೋದರೆ ಅದನ್ನು ಎಳೆದು ಎಸೆಯುವ ಕೊಕ್ಕೆ, ಕಿಂಡಿ ಯಾವುದೂ ಬೇಕಿಲ್ಲ. ಅಷ್ಟೇ ಜಾಗದಲ್ಲಿ ಹೆಚ್ಚು ಗುಂಡು ತುಂಬಬಹುದು.

ಈ ಆಸೆಯಿಂದ 20ನೇ ಶತಮಾನದಲ್ಲಿ ವಿಚಿತ್ರ ಪಿಸ್ತೂಲುಗಳು ಹುಟ್ಟಿದವು. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಎಂಬಿ ಅಸೋಸಿಯೇಟ್ಸ್ ತಯಾರಿಸಿದ 'ಗೈರೋಜೆಟ್' ಗುಂಡಿನ ಬದಲು 13 ಮಿ.ಮೀ. ಪುಟ್ಟ ರಾಕೆಟ್ ಹಾರಿಸುತ್ತಿತ್ತು. ಕನ್ನಡಿಗರಿಗೆ ಈ ತತ್ವ ಅಪರಿಚಿತವಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಸಾವಿರದಷ್ಟು ಸಿಕ್ಕ ಮೈಸೂರು ರಾಕೆಟ್‌ಗಳೂ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತಮ್ಮೊಡನೆಯೇ ಹೊತ್ತು ಹಾರುವಂಥವು. ಆದರೆ ಗೈರೋಜೆಟ್‌ನ ರಾಕೆಟ್ ನಳಿಗೆ ಬಿಡುವಾಗ ನಿಧಾನ, ದೂರ ಹೋದಂತೆ ವೇಗ. ಪಿಸ್ತೂಲಿಗೆ ಬೇಕಾದದ್ದು ಇದಕ್ಕೆ ತಿರುಗುಮುರುಗು. ಗುರಿಯೂ ನೆಟ್ಟಗಿರಲಿಲ್ಲ. ಸೋವಿಯತ್ ಒಕ್ಕೂಟದಲ್ಲಿ ಗೆರಾಸಿಮೆಂಕೊ 1970ರ ದಶಕದಲ್ಲಿ 'ವಿಎಜಿ-73' ಎಂಬ ಪಿಸ್ತೂಲು ಮಾಡಿದ. ಟೊಳ್ಳು ಬುಡದ 7.62 ಮಿ.ಮೀ. ಗುಂಡುಗಳು, ಒಂದರ ಹಿಂದೊಂದು ಜೋಡಿಸಿದ ಎರಡು ಸಾಲಿನಲ್ಲಿ ಒಟ್ಟು 48. ಯಾವ ಸೇನೆಯೂ ಅದನ್ನು ಕೊಳ್ಳಲಿಲ್ಲ. ಇಟಲಿಯ ಬೆನೆಲ್ಲಿ ಕಂಪನಿಯ 'ಸಿಬಿ ಎಂ2' ಸಬ್‌ಮಷಿನ್ ಗನ್ ಕೂಡ ಅರ್ಧ ದಾರಿಯಲ್ಲೇ ನಿಂತಿತು.

ಗೆಲುವಿನ ಹೊಸ್ತಿಲಿಗೆ ಬಂದದ್ದು ಜರ್ಮನಿಯ ಹೆಕ್ಲರ್ ಅಂಡ್ ಕಾಖ್ ಕಂಪನಿಯ 'ಜಿ11' ರೈಫಲ್. ಅದರ 4.73 ಮಿ.ಮೀ. ಗುಂಡು ಅಚ್ಚುಬೆಲ್ಲದಂತೆ ಗಟ್ಟಿಯಾಗಿ ಒತ್ತಿದ ಮದ್ದಿನೊಳಗೆ ಹುದುಗಿರುತ್ತಿತ್ತು. ಶಾಖ ಒಯ್ಯುವ ಚಿಪ್ಪಿಲ್ಲದ ಕಾರಣ ಬಂದೂಕು ಕಾದು, ಕುದುರೆ ಎಳೆಯುವ ಮೊದಲೇ ಮದ್ದು ಹೊತ್ತಿಕೊಳ್ಳುವುದು ಇಂಥ ಆಯುಧಗಳ ಹುಟ್ಟುರೋಗ. ಡೈನಮೈಟ್ ನೊಬೆಲ್ ಕಂಪನಿ ಹೆಚ್ಚು ಶಾಖ ತಾಳುವ ಮದ್ದು ತಯಾರಿಸಿ ಅದನ್ನೂ ಬಹುಪಾಲು ಹಿಡಿತಕ್ಕೆ ತಂದಿತು. ಅಷ್ಟರಲ್ಲಿ ಶೀತಲ ಸಮರ ಮುಗಿದು ಜರ್ಮನಿ ಒಂದಾಯಿತು, ಸರ್ಕಾರ ಯೋಜನೆ ಕೈಬಿಟ್ಟಿತು. ಅಮೆರಿಕದ ಸೇನೆ 2004ರಿಂದ ಮತ್ತೆ ಚಿಪ್ಪಿಲ್ಲದ ತೋಟಾ ಪರೀಕ್ಷಿಸಿತು. ಆದರೆ 2022ರಲ್ಲಿ ಅದು ಆರಿಸಿಕೊಂಡ ಹೊಸ 6.8 ಮಿ.ಮೀ. ತೋಟಾಗೆ ಲೋಹದ ಚಿಪ್ಪು ಇದ್ದೇ ಇದೆ.

ಇಷ್ಟು ಸೋತದ್ದರ ಬಗ್ಗೆ ಈಗೇಕೆ ಆತಂಕ ಎಂದು ಕೇಳಬಹುದು. ಉತ್ತರ ಫಿರಂಗಿಗಳಲ್ಲಿದೆ. ಅರ್ಜುನ್ ಟ್ಯಾಂಕಿನ 120 ಮಿ.ಮೀ. ಮದ್ದುಗುಂಡಿನ ಚಿಪ್ಪಿನ ಬಹುಭಾಗ ಮದ್ದಿನೊಂದಿಗೆ ಉರಿದುಹೋಗುವ ವಸ್ತುವಿನದು. ಅದನ್ನು ಅಭಿವೃದ್ಧಿಪಡಿಸಿದ್ದು ಡಿಆರ್‌ಡಿಒದ ಪುಣೆಯ ಪ್ರಯೋಗಾಲಯ. 155 ಮಿ.ಮೀ. ಹೊವಿಟ್ಜರ್‌ಗೆ ನಳಂದಾ ಕಾರ್ಖಾನೆಯಲ್ಲಿ ತಯಾರಾಗುವ ಮದ್ದಿನ ಬಿಲ್ಲೆಗಳಿಗೂ ಲೋಹದ ಚಿಪ್ಪಿಲ್ಲ. ಅಂದರೆ ವಿದ್ಯೆ ಈ ದೇಶದಲ್ಲಿಯೇ ಇದೆ. ಪಿಸ್ತೂಲಿನ ಗಾತ್ರಕ್ಕೆ ಅದು ಇಳಿದಿಲ್ಲ, ಅಷ್ಟೆ. ರಸಾಯನಶಾಸ್ತ್ರ ಇನ್ನೊಂದು ಹೆಜ್ಜೆ ಮುಂದಿಟ್ಟರೆ, ಹಗುರ ಎಂಬ ಒಂದೇ ಕಾರಣಕ್ಕೆ ಯಾವುದಾದರೂ ಪಡೆ ಕೊಳ್ಳಲು ಮುಂದಾಗುತ್ತದೆ. ಸೇನೆಗೆ ಬಂದದ್ದು ಪೊಲೀಸರಿಗೆ ಬರಲು, ಪೊಲೀಸರಿಗೆ ಬಂದದ್ದು ಕಳ್ಳಪೇಟೆಗೆ ಇಳಿಯಲು ಬಹಳ ಕಾಲ ಬೇಕಿಲ್ಲ.

ತೂಕ, ವೇಗ, ಬೆಲೆಯ ಲೆಕ್ಕದಲ್ಲಿ ಎಂಜಿನಿಯರ್ ಬರೆದುಕೊಳ್ಳದ ಒಂದು ಬಾಬತ್ತು ಇಲ್ಲಿದೆ. ಪಿಸ್ತೂಲಿನ ಸೂಜಿ ಕೇಪಿಗೆ ಬಡಿದಾಗ ಅದರ ಮೊನೆಯ ಗುರುತು ಮೃದು ಲೋಹದಲ್ಲಿ ಮೂಡುತ್ತದೆ. ಚಿಪ್ಪಿನ ಬುಡ ಹಿಂದಿನ ಉಕ್ಕಿನ ಮುಖಕ್ಕೆ ಒತ್ತಿ ಅದರ ಗೀರುಗಳನ್ನು ಅಚ್ಚೊತ್ತಿಕೊಳ್ಳುತ್ತದೆ. ಎಳೆಯುವ ಕೊಕ್ಕೆ, ಎಸೆಯುವ ಮೊಳೆ ತಮ್ಮ ತಮ್ಮ ಉಗುರು ಊರುತ್ತವೆ. ಎರಡು ಚಿಪ್ಪುಗಳನ್ನು ಜೋಡಿ ಸೂಕ್ಷ್ಮದರ್ಶಕದ ಕೆಳಗಿಟ್ಟು ಎರಡೂ ಒಂದೇ ಪಿಸ್ತೂಲಿನಿಂದ ಬಂದವೇ ಎಂದು ತಜ್ಞರು ಹೇಳುವುದು ಹೀಗೆ. ಗುಂಡಿನ ಮೈಮೇಲೂ ನಳಿಗೆಯ ಗೀರುಗಳಿರುತ್ತವೆ, ನಿಜ. ಆದರೆ ಗುಂಡು ಮೂಳೆಗೆ, ಗೋಡೆಗೆ ಬಡಿದು ನಜ್ಜುಗುಜ್ಜಾಗುತ್ತದೆ, ಹಲವು ಬಾರಿ ಸಿಗುವುದೇ ಇಲ್ಲ. ಚಿಪ್ಪು ಹಾರಿಸಿದವನ ಆಸುಪಾಸಿನಲ್ಲೇ ಬಿದ್ದಿರುತ್ತದೆ. ಯಾವ ಪಿಸ್ತೂಲು ಎಂಬುದರ ಜೊತೆಗೆ, ಅದು ಸುಮಾರಾಗಿ ಎಲ್ಲಿಂದ ಹಾರಿತು, ಎಷ್ಟು ಬಾರಿ ಹಾರಿತು ಎಂದೂ ಹೇಳುತ್ತದೆ.

ಕರ್ನಾಟಕ ಇದರ ಬೆಲೆಯನ್ನು ನೋವಿನಿಂದ ಕಲಿತಿದೆ. ಎಂ.ಎಂ. ಕಲಬುರ್ಗಿ ಅವರ ಹತ್ಯೆ ನಡೆದದ್ದು 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ. ಗೌರಿ ಲಂಕೇಶ್ ಅವರ ಹತ್ಯೆ 2017ರ ಸೆಪ್ಟೆಂಬರ್ 5ರಂದು, ಬೆಂಗಳೂರಿನಲ್ಲಿ. ಎರಡು ಊರು, ನಡುವೆ ಎರಡು ವರ್ಷ. ಎರಡೂ ಕಡೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಪಿಸ್ತೂಲು ಕೈಯಲ್ಲಿಲ್ಲದೆಯೇ ಎರಡು ಕೊಲೆಗಳ ನಡುವಿನ ಎಳೆಯನ್ನು ತೋರಿಸಿದ್ದು ಗುಂಡು, ಚಿಪ್ಪುಗಳ ಮೇಲಿನ ಗುರುತು. ಚಿಪ್ಪೇ ಇಲ್ಲದ ಆಯುಧವಾಗಿದ್ದರೆ ತನಿಖೆಗೆ ಅಂಥ ಆಧಾರ ಅರ್ಧಕ್ಕಿಳಿಯುತ್ತಿತ್ತು.

ಹೈದರಾಬಾದಿನದು ಇನ್ನೊಂದು ಬಗೆಯ ಪಾಠ. 2019ರ ಡಿಸೆಂಬರ್ 6ರ ನಸುಕಿನಲ್ಲಿ, ಬೆಂಗಳೂರು ಹೆದ್ದಾರಿಯ ಶಾದ್‌ನಗರದ ಬಳಿ ಚಟಾನ್‌ಪಲ್ಲಿಯಲ್ಲಿ, ಪಶುವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಆರೋಪಿಗಳೇ ಪಿಸ್ತೂಲು ಕಸಿದುಕೊಂಡು ಹಾರಿಸಿದರು ಎಂದರು ಪೊಲೀಸರು. ಜನ ಹೂ ಎರಚಿದರು. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ವಿ.ಎಸ್. ಸಿರ್ಪುರ್ಕರ್ ಆಯೋಗ 2022ರಲ್ಲಿ ಬೇರೆಯೇ ತೀರ್ಮಾನಕ್ಕೆ ಬಂತು: ಕಸಿದುಕೊಂಡ ಕಥೆ ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ, 10 ಪೊಲೀಸರ ವಿಚಾರಣೆ ನಡೆಯಬೇಕು. ಬಳಿಕ ವಿಷಯ ತೆಲಂಗಾಣ ಹೈಕೋರ್ಟ್‌ಗೆ ಹೋಯಿತು. ಆಯೋಗದ ಮಾತೇ ತೀರ್ಪಲ್ಲ. ಆದರೆ ಯಾರು ಹಾರಿಸಿದರು, ಎಲ್ಲಿ ನಿಂತು, ಎಷ್ಟು ಸಲ ಎಂಬ ಪ್ರಶ್ನೆಗಳಿಗೆ ಬದುಕುಳಿದ ಒಂದೇ ಪಕ್ಷದ ಮಾತನ್ನು ಮೀರಿ ಉತ್ತರ ಬೇಕಾದರೆ ವಸ್ತುಗಳೇ ಮಾತಾಡಬೇಕು.

ಸುಪ್ರೀಂ ಕೋರ್ಟ್‌ಗೆ ಇದು ಗೊತ್ತಿತ್ತು. 2014ರ ಪಿಯುಸಿಎಲ್ ಪ್ರಕರಣದಲ್ಲಿ ಎನ್‌ಕೌಂಟರ್ ತನಿಖೆಗೆ ಅದು ಕೊಟ್ಟ 16 ನಿರ್ದೇಶನಗಳಲ್ಲಿ, ಬಂದೂಕು, ಗುಂಡುಗಳ ಜೊತೆ ಖಾಲಿ ಚಿಪ್ಪುಗಳನ್ನೂ ವಶಪಡಿಸಿ ಕಾಪಾಡಬೇಕೆಂದು ಹೆಸರಿಟ್ಟು ಹೇಳಿದೆ. ಚಿಪ್ಪೇ ಬೀಳದ ಪಿಸ್ತೂಲು ಪೊಲೀಸರ ಸೊಂಟಕ್ಕೆ ಬಂದರೆ ಆ ನಿರ್ದೇಶನದ ಒಂದು ಭಾಗ ಕಾಗದದಲ್ಲಿ ಮಾತ್ರ ಉಳಿಯುತ್ತದೆ. ಫೈರಿಂಗ್ ರೇಂಜ್‌ನಲ್ಲಿ ಕೊಟ್ಟ ತೋಟಾಗೆ ಖಾಲಿ ಚಿಪ್ಪು ಹಿಂದಿರುಗಿಸಿ ಲೆಕ್ಕ ಒಪ್ಪಿಸುವ ಶಿಸ್ತೂ ಅಷ್ಟೇ: ಎಣಿಸಲು ಏನೂ ಇಲ್ಲದ ಕಡೆ ಸೋರಿಕೆ ಹಿಡಿಯುವುದು ಹೇಗೆ?

ಇದಕ್ಕೆ ಆಕ್ಷೇಪಗಳಿವೆ. ರಿವಾಲ್ವರ್ ಚಿಪ್ಪನ್ನು ಉದುರಿಸುವುದಿಲ್ಲ, ಜಾಣ ಕೊಲೆಗಾರ ಚಿಪ್ಪುಗಳನ್ನು ಆರಿಸಿಕೊಂಡು ಹೋಗಬಲ್ಲ. ಹೌದು. ಆದರೆ ರಿವಾಲ್ವರ್‌ಗೆ ಆರು ಗುಂಡಿನ ಮಿತಿ ಇದೆ, ಅದರ ಚಿಪ್ಪು ಒಳಗಾದರೂ ಇರುತ್ತದೆ. ಕತ್ತಲಲ್ಲಿ, ಗಡಿಬಿಡಿಯಲ್ಲಿ ಚಿಪ್ಪು ಹುಡುಕುತ್ತ ಕೂರುವ ಕೊಲೆಗಾರರು ವಿರಳ. ಕೆಲವರು ಅಳಿಸಬಲ್ಲ ಸಾಕ್ಷಿ ಒಂದು, ಹುಟ್ಟುವ ಮೊದಲೇ ಇಲ್ಲವಾಗಿಸಿದ ಸಾಕ್ಷಿ ಇನ್ನೊಂದು. ಹಿಮದಲ್ಲಿ ಗಡಿ ಕಾಯುವವನ ಹೊರೆ ಇಳಿಯಬಾರದೇ ಎಂಬುದು ಇದಕ್ಕಿಂತ ಗಟ್ಟಿ ಪ್ರಶ್ನೆ. ಇಳಿಯಲಿ. ರೈಫಲ್, ಮಷಿನ್ ಗನ್‌ಗಳಲ್ಲಿ ಆ ಲಾಭ ದೊಡ್ಡದು. ಪಿಸ್ತೂಲಿನ ಒಂದೆರಡು ಮ್ಯಾಗಜೀನಿನಲ್ಲಿ ಉಳಿಯುವುದು ನೂರು ಗ್ರಾಂ ಆಸುಪಾಸು. ಪಿಸ್ತೂಲು ಊರೊಳಗಿನ ಆಯುಧ. ಊರೊಳಗೆ ಹಾರಿದ ಪ್ರತಿ ಗುಂಡಿಗೂ ಉತ್ತರ ಹೇಳುವವರು ಬೇಕು.

ಆದ್ದರಿಂದ ಕೇಳಬೇಕಾದದ್ದು ಸಂಶೋಧನೆಯ ಮೇಲೆ ನಿಷೇಧವಲ್ಲ, ಖರೀದಿಯಲ್ಲಿ ಒಂದು ಷರತ್ತು. ಯಾವ ಪಡೆಯಾದರೂ ಆಯುಧ ಕೊಳ್ಳುವ ಮೊದಲು ತೂಕ, ದೂರ, ಬಾಳಿಕೆಯ ಪಟ್ಟಿ ಮಾಡುತ್ತದೆ. 'ಹಾರಿದ ಪ್ರತಿ ಗುಂಡೂ ಗುರುತು ಉಳಿಸಬೇಕು' ಎಂಬ ಸಾಲು ಆ ಪಟ್ಟಿಗೆ ಸೇರಲಿ. ದಾರಿಗಳಿಲ್ಲದೆ ಇಲ್ಲ. ಪ್ಲಾಸ್ಟಿಕ್ ಸ್ಫೋಟಕಗಳಿಗೆ ಪತ್ತೆಗೆ ಸಿಗುವ ರಾಸಾಯನಿಕ ಬೆರೆಸಬೇಕೆಂದು 1991ರ ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. ಚಿಪ್ಪಿಲ್ಲದ ತೋಟಾದ ಮದ್ದಿಗೂ ತಂಡವಾರು ಗುರುತು ಬೆರೆಸಬಹುದು. ಆಸ್ಟ್ರಿಯಾದ ಫೊಯರೆ ಕಂಪನಿಯ 1991ರ ಚಿಪ್ಪಿಲ್ಲದ ರೈಫಲ್ ಮದ್ದನ್ನು ವಿದ್ಯುತ್ತಿನಿಂದ ಹೊತ್ತಿಸುತ್ತಿತ್ತು. ವಿದ್ಯುತ್ತಿದ್ದ ಮೇಲೆ ಪ್ರತಿ ಹಾರಾಟದ ಸಮಯವನ್ನು ಅಳಿಸಲಾಗದಂತೆ ಬರೆದಿಡುವ ಚಿಪ್ ಇಡುವುದು ಕಷ್ಟವಲ್ಲ. ಕ್ಯಾಲಿಫೋರ್ನಿಯಾ 2007ರಲ್ಲೇ ಪಿಸ್ತೂಲಿನ ಗುರುತು ಪ್ರತಿ ಚಿಪ್ಪಿನ ಮೇಲೆ ಒತ್ತಬೇಕೆಂಬ ಕಾನೂನು ಮಾಡಿತು. ಆ ಕಾನೂನು ಕೂಡ ಚಿಪ್ಪು ಇರುತ್ತದೆಂದೇ ನಂಬಿಕೊಂಡಿದೆ.

ಈ ಷರತ್ತನ್ನು ಬರೆಯಲು ಹೈದರಾಬಾದಿಗಿಂತ ತಕ್ಕ ಊರು ಇನ್ನೊಂದಿಲ್ಲ. ಪಿಸ್ತೂಲು ತಯಾರಿಸುವ ಕಾರ್ಖಾನೆ ಅಲ್ಲಿದೆ. ಸಾಕ್ಷ್ಯ ಪರೀಕ್ಷಿಸುವ ಕೇಂದ್ರ ವಿಧಿವಿಜ್ಞಾನ ಪ್ರಯೋಗಾಲಯ ರಾಮಂತಾಪುರದಲ್ಲಿದೆ. ಐಪಿಎಸ್ ಅಧಿಕಾರಿಗಳು ಮೊದಲ ಪಾಠ ಕಲಿಯುವ ಸರ್ದಾರ್ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ ಶಿವರಾಂಪಲ್ಲಿಯಲ್ಲಿದೆ. ಮಾಡುವವರು, ಹಾರಿಸುವವರು, ಹಾರಿದ್ದನ್ನು ಪರೀಕ್ಷಿಸುವವರು ಒಂದೇ ನಗರದಲ್ಲಿದ್ದಾರೆ. ಮೂವರೂ ಒಂದೇ ಮೇಜಿನ ಸುತ್ತ ಕೂರಬೇಕಾದದ್ದು ಹೊಸ ಪಿಸ್ತೂಲು ಸಿದ್ಧವಾದ ಮೇಲಲ್ಲ, ಅದರ ನಕ್ಷೆ ಇನ್ನೂ ಕಾಗದದ ಮೇಲಿರುವಾಗ.