ರೋಗಿಯ ಗುಟ್ಟಿಗೆ ಕಾವಲು: ಹುದ್ದೆ ಸಾಲದು, ತಡೆಯುವ ಅಧಿಕಾರ ಬೇಕು

ರೋಗಿಯ ಮಾಹಿತಿಯನ್ನು ಕಾಪಾಡುವ ಹೊಣೆ ಆಸ್ಪತ್ರೆಗಳದ್ದು, ಔಷಧ ಪ್ರಯೋಗ ನಡೆಸುವ ಸಂಸ್ಥೆಗಳದ್ದು ಎಂಬ ಬಗ್ಗೆ ಈಗ ಯಾರದೂ ತಕರಾರಿಲ್ಲ. ಆ ಹೊಣೆ ಹೊರುವವರಿಗೆ ಎಷ್ಟು ಅಧಿಕಾರ ಕೊಡಬೇಕು ಎಂದು ಕೇಳಿದಾಗ ಮಾತ್ರ ಎಲ್ಲರೂ ಮೌನ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 2023ರ ಆಗಸ್ಟ್‌ನಲ್ಲಿ. ನಿಯಮಗಳು ಹೊರಬೀಳಲು ಮತ್ತೆರಡು ವರ್ಷ ಹಿಡಿಯಿತು. 2025ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಟಾಗಲೂ ಮುಖ್ಯ ಕಟ್ಟುಪಾಡುಗಳ ಜಾರಿಗೆ 18 ತಿಂಗಳ ಗಡುವು ಸಿಕ್ಕಿತು. ಅದು ಸಿದ್ಧತೆಗೆಂದು ಕೊಟ್ಟ ಕಾಲಾವಕಾಶ. ಅದನ್ನೇ ರಜೆಯೆಂದು ತಿಳಿದು ಕೈಕಟ್ಟಿ ಕೂತ ಆಸ್ಪತ್ರೆಗಳಿಗೆ ಯಾವ ವಿನಾಯಿತಿಯನ್ನೂ ತೋರಬೇಕಿಲ್ಲ.

ಎಚ್ಚರಿಕೆಯ ಗಂಟೆ ಬಾರಿಸದೆ ಈ ಸ್ಥಿತಿ ಬಂದಿಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರ್‌ಗಳು ಸೈಬರ್ ದಾಳಿಗೆ ಸಿಕ್ಕವು. ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ನೋಂದಣಿ, ಪ್ರಯೋಗಾಲಯ ವರದಿ, ಬಿಲ್ಲು ಎಲ್ಲವನ್ನೂ ದಿನಗಟ್ಟಲೆ ಕೈಯಲ್ಲಿ ಬರೆದು ನಡೆಸಬೇಕಾಯಿತು. ಐದು ಸರ್ವರ್‌ಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಬಿದ್ದಿತ್ತು. ಜಾಲವನ್ನು ಸರಿಯಾಗಿ ವಿಂಗಡಿಸದೇ ಇದ್ದದ್ದೇ ಇದಕ್ಕೆ ಕಾರಣ ಎಂದು ಸರ್ಕಾರವೇ ಸಂಸತ್ತಿಗೆ ತಿಳಿಸಿತು. ಅಂದರೆ ದಾಳಿಕೋರರ ಜಾಣ್ಮೆಗಿಂತ ಮನೆಯವರ ಅಸಡ್ಡೆ ದೊಡ್ಡದಾಗಿತ್ತು. ಮರುವರ್ಷ ಜೂನ್‌ನಲ್ಲಿ ಕೋವಿಡ್ ಲಸಿಕೆಯ ಕೋವಿನ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದವರ ವಿವರಗಳು ಟೆಲಿಗ್ರಾಂ ಬಾಟ್‌ನಲ್ಲಿ ಸಿಗುತ್ತಿವೆ ಎಂಬ ಸುದ್ದಿ ಬಂತು. ಆರೋಗ್ಯ ಸಚಿವಾಲಯ ಅದನ್ನು ಆಧಾರರಹಿತ ಎಂದು ತಳ್ಳಿಹಾಕಿತು. ಕೆಲವೇ ದಿನಗಳಲ್ಲಿ ದೆಹಲಿ ಪೊಲೀಸರು ಅದೇ ಪ್ರಕರಣದಲ್ಲಿ ಬಿಹಾರದಲ್ಲಿ ಆರೋಪಿಯನ್ನು ಬಂಧಿಸಿದರು.

ಕರ್ನಾಟಕವೂ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ ತೀರ್ಪಿಗೆ ಕಾರಣರಾದವರು ಇದೇ ರಾಜ್ಯದ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮೂರು ವರ್ಷವೂ ಕಳೆದಿರಲಿಲ್ಲ, 2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದು ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸಗಳನ್ನು ರಾಜ್ಯ ಸರ್ಕಾರ ತಾನೇ ಪ್ರಕಟಿಸಿತು. ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಅದನ್ನು ಪ್ರಕಟಿಸುವ ಮುನ್ನ ‘ಇದು ಕೂಡದು’ ಎನ್ನುವ ಅಧಿಕಾರವಿದ್ದ ಒಬ್ಬರಾದರೂ ಇಲಾಖೆಯಲ್ಲಿದ್ದಿದ್ದರೆ ಆ ತಪ್ಪು ಅಲ್ಲಿಗೇ ನಿಲ್ಲುತ್ತಿತ್ತು.

ಮಾಹಿತಿ ಸಂರಕ್ಷಣೆಯ ಕೆಲಸ ಮಾಡುವವರ ಕಷ್ಟ ಇರುವುದು ಇಲ್ಲೇ. ಆ ಕೆಲಸ ನೋಡಲು ಸಣ್ಣದು, ಮಾಡಲು ಕಠಿಣ. ಕೆಲಸ ಬಿಟ್ಟುಹೋದ ಡ್ಯೂಟಿ ಡಾಕ್ಟರ ಲಾಗಿನ್ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ವಿಮಾ ಕಂಪನಿಗೆ ಮೂಳೆ ಮುರಿತದ ಕ್ಲೇಮು ಕಳಿಸುವಾಗ ಹತ್ತು ವರ್ಷ ಹಿಂದಿನ ಗರ್ಭಪಾತದ ದಾಖಲೆಯೂ ಜೊತೆಗೆ ಹೋಗುತ್ತಿದೆಯೇ ಎಂದು ಪರಿಶೀಲಿಸಬೇಕು. ರೋಗಿಯ ಹೆಸರಿರುವ ಎಕ್ಸ್‌ರೇಯನ್ನು ವೈದ್ಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಹಿರಿಯ ಸರ್ಜನ್‌ಗೆ ‘ಸಾರ್, ಅಳಿಸಿಬಿಡಿ’ ಎನ್ನಬೇಕು. ಈ ಕೊನೆಯ ಮಾತನ್ನು ಹೇಳಿ ನೌಕರಿ ಉಳಿಸಿಕೊಳ್ಳುವ ಧೈರ್ಯ ಕಿರಿಯ ಅಧಿಕಾರಿಗೆ ಎಲ್ಲಿಂದ ಬರಬೇಕು? ಎಷ್ಟೋ ಕಡೆ ಈ ಹುದ್ದೆ ಐಟಿ ವಿಭಾಗದ ಮುಖ್ಯಸ್ಥರಿಗೆ ಸಿಕ್ಕ ಹೆಚ್ಚುವರಿ ಪ್ರಭಾರ. ಪರೀಕ್ಷೆ ಬರೆದವನೇ ಮೌಲ್ಯಮಾಪನಕ್ಕೆ ಕೂತಂತಹ ಈ ಏರ್ಪಾಡನ್ನು ಕಾನೂನು ಪಾಲನೆ ಎಂದು ಕರೆಯುವುದು ಆತ್ಮವಂಚನೆ.

ಕ್ಲಿನಿಕಲ್ ಸಂಶೋಧನೆಯಲ್ಲಿ ಅಪಾಯ ಇನ್ನೂ ಸೂಕ್ಷ್ಮ. ಔಷಧ ಪ್ರಯೋಗಕ್ಕೆ ಸೇರಿದವರಿಗೆ ಒಂದು ಸಂಖ್ಯೆ ಕೊಡುತ್ತಾರೆ. ಪ್ರಾಯೋಜಕ ಕಂಪನಿಗೆ ಹೋಗಬೇಕಾದದ್ದು ಆ ಸಂಖ್ಯೆ ಮಾತ್ರ. ಸಂಖ್ಯೆ ಯಾರದ್ದು ಎಂದು ತಿಳಿಸುವ ಪಟ್ಟಿ ಪ್ರಯೋಗ ನಡೆಯುವ ಆಸ್ಪತ್ರೆಯ ಬೀರು ಬಿಟ್ಟು ಕದಲಬಾರದು. ನಿಯಮ ಚೆನ್ನಾಗಿದೆ. ಆದರೆ ಲ್ಯಾಬ್ ವರದಿಯ ಮೇಲಿನ ಹೆಸರಿಗೆ ಕಪ್ಪು ಮಾರ್ಕರ್ ಎಳೆದರೆ, ಬೆಳಕಿಗೆ ಹಿಡಿದಾಗ ಅಕ್ಷರ ಕಾಣಿಸಬಹುದು. ಎಕ್ಸೆಲ್ ಹಾಳೆಯಲ್ಲಿ ಮುಚ್ಚಿಟ್ಟ ಕಾಲಂ ಎರಡು ಕ್ಲಿಕ್‌ಗೆ ತೆರೆದುಕೊಳ್ಳುತ್ತದೆ. ಎಂಆರ್‌ಐ ಚಿತ್ರದ ಮೇಲಿನ ಹೆಸರು ಅಳಿಸಿದರೂ ಆ ಕಡತದ ಒಳಗೆ ರೋಗಿಯ ಹೆಸರು, ಹುಟ್ಟಿದ ದಿನ, ಆಸ್ಪತ್ರೆ ಸಂಖ್ಯೆ ಹಾಗೇ ಉಳಿದಿರಬಹುದು. ಅಪರೂಪದ ಕಾಯಿಲೆಯಾದರೆ ಹೆಸರೂ ಬೇಕಿಲ್ಲ: ವಯಸ್ಸು, ಲಿಂಗ, ಪಿನ್‌ಕೋಡ್ ಇದ್ದರೆ ಊರವರಿಗೆ ಆಳು ಗೊತ್ತಾಗುತ್ತದೆ.

ಕಾನೂನು ಈ ಸೂಕ್ಷ್ಮವನ್ನು ಅರಿಯದ್ದೇನಲ್ಲ. 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ, ಹೊಸ ರಾಸಾಯನಿಕದ ಪ್ರಯೋಗಕ್ಕೆ ದುರ್ಬಲ ವರ್ಗದವರು ಸೇರುವಾಗ ಅವರ ಒಪ್ಪಿಗೆಯನ್ನು ವಿಡಿಯೊ ಮಾಡಿ ಇಡಬೇಕು. ಎಚ್‌ಐವಿ ಮತ್ತು ಕುಷ್ಠರೋಗದ ಔಷಧಗಳ ಪ್ರಯೋಗದಲ್ಲಿ ಮಾತ್ರ ಬರೀ ಧ್ವನಿಮುದ್ರಣ ಸಾಕು, ಮುಖ ಚಿತ್ರೀಕರಿಸಬಾರದು. ನಿಯಮ ಮಾಡಿದವರಿಗೆ ಆ ಮುಖದ ಬೆಲೆ ಗೊತ್ತಿತ್ತು. ಬಡವರ ಕಣ್ಣಿಗೆ ಮಣ್ಣೆರಚಬಾರದು ಎಂದು ತಂದ ವಿಡಿಯೊ ಯಾರ ಲ್ಯಾಪ್‌ಟಾಪ್‌ನಲ್ಲಿದೆ, ಯಾರು ಅದನ್ನು ತೆರೆದು ನೋಡಬಹುದು ಎಂದು ನೈತಿಕ ಸಮಿತಿಗಳು ಪ್ರತಿ ಪ್ರಯೋಗದಲ್ಲೂ ಕೇಳಲೇಬೇಕು. ಫೈಲಿನಲ್ಲಿ ಸಹಿ ಇದೆ ಎಂದು ಟಿಕ್ ಹಾಕಿ ಏಳುವ ಸಮಿತಿಯಿಂದ ಪ್ರಯೋಜನವಿಲ್ಲ.

ಇಷ್ಟಾಗಿಯೂ ಹೊಸ ದತ್ತಾಂಶ ಸಂರಕ್ಷಣಾ ಕಾಯ್ದೆ ಆಯಕಟ್ಟಿನ ಜಾಗದಲ್ಲೇ ಸಡಿಲವಾಗಿದೆ. ವೈದ್ಯಕೀಯ ದಾಖಲೆಗಳನ್ನು ಸೂಕ್ಷ್ಮ ಮಾಹಿತಿ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳು ಬೇರೆಯಾಗಿಯೇ ಗುರುತಿಸಿದ್ದವು. ಹೊಸ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಆರೋಗ್ಯ ಮಾಹಿತಿಗೆಂದೇ 2018ರಲ್ಲಿ ಸಿದ್ಧವಾದ ಕರಡು ಮಸೂದೆ ಮೂಲೆ ಸೇರಿತು. ಭದ್ರತೆಯಲ್ಲಿ ಲೋಪವೆಸಗಿದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ಆ ಹಣ ಭಾರತದ ಸಂಚಿತ ನಿಧಿಗೆ ಹೋಗುತ್ತದೆ. ಗುಟ್ಟು ರಟ್ಟಾಗಿ ಮದುವೆ ಮುರಿದವಳಿಗೆ, ಕೆಲಸ ಕಳೆದುಕೊಂಡವನಿಗೆ ಈ ಕಾಯ್ದೆಯಡಿ ಬಿಡಿಗಾಸೂ ಇಲ್ಲ. ಅವರಿಗೆ ಪರಿಹಾರ ಕೇಳಲು ದಾರಿ ಮಾಡಿಕೊಟ್ಟಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್ ಅನ್ನೂ ಇದೇ ಕಾಯ್ದೆ ಕಿತ್ತುಹಾಕುತ್ತದೆ.

ಅಧಿಕಾರಿಯ ವಿಚಾರದಲ್ಲೂ ಇದೇ ಕಥೆ. ದತ್ತಾಂಶ ಸಂರಕ್ಷಣಾ ಅಧಿಕಾರಿಯ ನೇಮಕ ಕಡ್ಡಾಯವಾಗುವುದು ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಗುರುತಿಸುವ ಸಂಸ್ಥೆಗಳಿಗೆ ಮಾತ್ರ. ಅಂಥ ಅಧಿಕಾರಿ ನೇರವಾಗಿ ಆಡಳಿತ ಮಂಡಳಿಗೆ ಉತ್ತರದಾಯಿ ಎನ್ನುವುದು ಸರಿಯಾದ ಮಾತು. ಉಳಿದ ಸಂಸ್ಥೆಗಳು ಪ್ರಶ್ನೆಗೆ ಉತ್ತರಿಸುವ ಒಬ್ಬರ ಸಂಪರ್ಕ ವಿವರ ಕೊಟ್ಟರೆ ಮುಗಿಯಿತು. ಕರ್ತವ್ಯ ಮಾಡಿದ ಕಾರಣಕ್ಕೆ ಇಂಥ ಅಧಿಕಾರಿಯನ್ನು ವಜಾ ಮಾಡುವಂತಿಲ್ಲ, ಶಿಕ್ಷಿಸುವಂತಿಲ್ಲ ಎಂದು 2018ರಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ದತ್ತಾಂಶ ಸಂರಕ್ಷಣಾ ಕಾನೂನು (ಜಿಡಿಪಿಆರ್) ಖಂಡತುಂಡವಾಗಿ ಹೇಳುತ್ತದೆ. ನಮ್ಮ ಕಾಯ್ದೆಯಲ್ಲಿ ಅಂಥ ರಕ್ಷಣೆ ಇಲ್ಲ.

ಕಟ್ಟುಪಾಡು ಬಿಗಿಯಾದರೆ ಚಿಕಿತ್ಸೆ ತಡವಾಗುತ್ತದೆ, ಸಂಶೋಧನೆ ಕುಂಟುತ್ತದೆ ಎಂಬ ವಾದ ಆಸ್ಪತ್ರೆಗಳ ಬತ್ತಳಿಕೆಯಲ್ಲಿ ಸದಾ ಸಿದ್ಧ. ಈ ವಾದದಲ್ಲಿ ಹುರುಳಿಲ್ಲ. ಜೀವಕ್ಕೆ ಅಪಾಯವಿರುವ ತುರ್ತು ಸಂದರ್ಭದಲ್ಲಿ, ಸಾಂಕ್ರಾಮಿಕದ ಕಾಲದಲ್ಲಿ ಒಪ್ಪಿಗೆಗಾಗಿ ಕಾಯಬೇಕಿಲ್ಲ ಎಂದು ಕಾಯ್ದೆಯೇ ಹೇಳಿದೆ. ನಿಗದಿತ ಮಾನದಂಡಕ್ಕೆ ಬದ್ಧವಾದ, ವ್ಯಕ್ತಿಯ ಕುರಿತು ತೀರ್ಮಾನ ಕೈಗೊಳ್ಳಲು ಬಳಸದ ಸಂಶೋಧನೆಗೂ ವಿನಾಯಿತಿ ಕೊಟ್ಟಿದೆ. ಸಣ್ಣ ನರ್ಸಿಂಗ್ ಹೋಂಗಳಿಗೆ ಖರ್ಚಿನ ಹೊರೆ ಇದೆ ಎಂಬುದು ನಿಜ. ಜಿಲ್ಲೆಗೊಬ್ಬ ಅಧಿಕಾರಿಯನ್ನು ಹಲವು ನರ್ಸಿಂಗ್ ಹೋಂಗಳು ಸೇರಿ ನೇಮಿಸಿಕೊಂಡರೆ ಅದಕ್ಕೂ ಪರಿಹಾರವಿದೆ.

ರಾಜ್ಯ ಸರ್ಕಾರ ಕೇಂದ್ರದತ್ತ ಬೊಟ್ಟು ಮಾಡಿ ಸುಮ್ಮನಿರಬೇಕಾಗಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಅದರ ಕೈಯಲ್ಲಿದೆ. ಆ ಕಾಯ್ದೆಯಡಿ ನೋಂದಣಿ ಇಲ್ಲದೆ ಖಾಸಗಿ ಆಸ್ಪತ್ರೆ ಬಾಗಿಲು ತೆರೆಯುವಂತಿಲ್ಲ. ನೋಂದಣಿಗೆ, ನವೀಕರಣಕ್ಕೆ ಮೂರು ಷರತ್ತು ಸೇರಿಸಲಿ. ಮಾಹಿತಿ ಸಂರಕ್ಷಣೆಗೆ ಐಟಿ ವಿಭಾಗದ ಹೊರಗಿನ, ಆಡಳಿತ ಮಂಡಳಿಗೇ ವರದಿ ಮಾಡುವ ಒಬ್ಬ ಅಧಿಕಾರಿ ಇರಬೇಕು. ಅಕ್ರಮವಾಗಿ ಹೊರಹೋಗುವ ಮಾಹಿತಿಯನ್ನು ತಡೆಹಿಡಿಯುವ ಅಧಿಕಾರ ಅವರಿಗೆ ಲಿಖಿತವಾಗಿ ಸಿಗಬೇಕು. ಆ ಅಧಿಕಾರ ಬಳಸಿದ್ದಕ್ಕೆ ಅವರನ್ನು ಕೆಲಸದಿಂದ ತೆಗೆದರೆ ಆಸ್ಪತ್ರೆ ನೋಂದಣಿ ಪ್ರಾಧಿಕಾರಕ್ಕೆ ಕಾರಣ ಕೊಡಬೇಕು. ಸರ್ಕಾರಿ ಆಸ್ಪತ್ರೆಗಳಿಗೂ ಇದೇ ಕಟ್ಟಳೆ ಅನ್ವಯಿಸಬೇಕು. 2020ರ ಕ್ವಾರಂಟೈನ್ ಪಟ್ಟಿ ಹೊರಟದ್ದು ಸರ್ಕಾರಿ ಕಚೇರಿಯಿಂದಲೇ.

ಅಧಿಕಾರವಿಲ್ಲದ ಅಧಿಕಾರಿಯನ್ನು ಕೂರಿಸಿ, ಬಾಗಿಲಿಗೆ ನಾಮಫಲಕ ಹೊಡೆದು, ಕಾನೂನು ಪಾಲಿಸಿದ್ದೇವೆ ಎನ್ನುವ ಆಸ್ಪತ್ರೆ ಕಾನೂನನ್ನು ಪಾಲಿಸಿಲ್ಲ. ತನ್ನನ್ನು ನಂಬಿ ಗುಟ್ಟು ಹೇಳಿಕೊಂಡ ರೋಗಿಗೆ ಮೋಸ ಮಾಡಿದೆ. ಗಡುವು ಮುಗಿಯುವ 2027ರ ಮೇ ತಿಂಗಳವರೆಗೆ ಈ ಮೋಸಕ್ಕೆ ಅವಕಾಶ ಕೊಡುವುದು ಸಲ್ಲದು.