ಮುಟ್ಟಿನ ರಜೆ ದುಡಿಯುವ ಪ್ರತಿ ಹೆಣ್ಣಿಗೂ ಸಿಗಲಿ



ಬೆಂಗಳೂರಿನ ಒಂದು ಅಪಾರ್ಟ್‌ಮೆಂಟು, ಏಳನೇ ಮಹಡಿ. ಆ ಮನೆಯ ಮಗಳು ಐಟಿ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಇವತ್ತು ಮುಟ್ಟಿನ ಮೊದಲ ದಿನ. ಹೊಟ್ಟೆನೋವು ತಡೆಯಲಾಗದೆ ಆಫೀಸಿಗೆ ಒಂದು ಸಾಲು ಬರೆದು ರಜೆ ಹಾಕಿ, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದಾಳೆ. ಅದು ಅವಳ ಹಕ್ಕು. ಅವಳು ಮಲಗಲೇಬೇಕು.

ಅದೇ ಹೊತ್ತಿಗೆ ಅದೇ ಮನೆಯ ಸಿಂಕಿನ ಮುಂದೆ ಇನ್ನೊಬ್ಬಳು ನಿಂತಿದ್ದಾಳೆ. ಅವಳಿಗೂ ಇವತ್ತು ಮೊದಲ ದಿನವೇ. ಬೆಳಗಿನ ಜಾವ ಎದ್ದು, ತನ್ನ ಮನೆಯ ಅಡುಗೆ ಮುಗಿಸಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಾಳೆ. ಇದು ಎರಡನೇ ಮನೆ, ಇನ್ನೂ ಎರಡು ಮನೆ ಬಾಕಿ. ಪಾತ್ರೆ ಮುಗಿಸಿ ನೆಲ ಒರೆಸಲು ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ. ಬಟ್ಟೆ ಬದಲಿಸಬೇಕೆಂದರೆ ಆ ಮನೆಯ ಬಚ್ಚಲು ಬಳಸುವಂತಿಲ್ಲ, ಏಳು ಮಹಡಿ ಇಳಿದು ಸೆಕ್ಯೂರಿಟಿಯವರ ಶೌಚಾಲಯಕ್ಕೆ ಹೋಗಿಬರಬೇಕು. ಒಂದು ದಿನ ಬರದಿದ್ದರೆ ತಿಂಗಳ ಕೊನೆಗೆ ಆ ದಿನದ ದುಡ್ಡು ಮುರಿದುಕೊಂಡು ಕೊಡುತ್ತಾರೆ.

ಒಂದೇ ಸೂರಿನಡಿ ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಒಂದೇ ನೋವು. ನಮ್ಮ ರಾಜ್ಯದ ಮುಟ್ಟಿನ ರಜೆಯ ಆದೇಶಕ್ಕೆ ಮಲಗಿದವಳು ಕಾಣಿಸಿದ್ದಾಳೆ, ನಿಂತವಳು ಕಾಣಿಸಿಲ್ಲ. ಈ ಕರಪತ್ರ ನಿಂತವಳಿಗಾಗಿ.

ಸಿಕ್ಕಿರುವುದೇನು?

2025ರ ಅಕ್ಟೋಬರ್ 9ರಂದು ರಾಜ್ಯ ಸಚಿವ ಸಂಪುಟ ಮುಟ್ಟಿನ ರಜೆ ನೀತಿಗೆ ಒಪ್ಪಿಗೆ ಕೊಟ್ಟಿತು. ನವೆಂಬರ್‌ನಲ್ಲಿ ಸರ್ಕಾರಿ ಆದೇಶ ಹೊರಬಿತ್ತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಪೂರ್ತಿ ಸಂಬಳದ ರಜೆ. ವೈದ್ಯರ ಚೀಟಿ ಬೇಕಿಲ್ಲ. ಕಾಯಂ ನೌಕರರಿಗೆ ಮಾತ್ರವಲ್ಲ, ಗುತ್ತಿಗೆ ಮತ್ತು ಹೊರಗುತ್ತಿಗೆಯ ಹೆಣ್ಣುಮಕ್ಕಳಿಗೂ ಇದು ಸಲ್ಲುತ್ತದೆ. ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ಮಹಿಳೆಯರಿಗೂ ವಿಸ್ತರಿಸಲಾಯಿತು.

ಇದು ಸಣ್ಣ ಗೆಲುವಲ್ಲ. ಬಿಹಾರ 1992ರಲ್ಲೇ ತಿಂಗಳಿಗೆ ಎರಡು ದಿನ ಕೊಟ್ಟಿತ್ತು, ಆದರೆ ಸರ್ಕಾರಿ ನೌಕರಿಯವರಿಗೆ. ಖಾಸಗಿ ಕಾರ್ಖಾನೆಯ ಹೊಲಿಗೆ ಯಂತ್ರದ ಮುಂದೆ ಕೂತವಳ ತನಕ ಈ ರಜೆಯನ್ನು ತಂದದ್ದು ಕರ್ನಾಟಕ. ಆರಂಭದಲ್ಲಿ ವರ್ಷಕ್ಕೆ 6 ದಿನ ಎಂದಿದ್ದ ಪ್ರಸ್ತಾವ ಸಂಪುಟದ ಮುಂದೆ 12 ದಿನವಾಯಿತು. ಅಂದರೆ ನಿಯಮಗಳು ಕಲ್ಲಿನಲ್ಲಿ ಕೆತ್ತಿದವಲ್ಲ, ಕೇಳಿದರೆ ಹಿಗ್ಗುತ್ತವೆ. ಆದ್ದರಿಂದಲೇ ಈಗ ಕೇಳುತ್ತಿದ್ದೇವೆ.

ಬಾಗಿಲಾಚೆ ಉಳಿದವರು

ಈ ರಜೆ ಯಾರಿಗೆ ಎಂಬುದನ್ನು ಆದೇಶವು ಐದು ಕಾಯ್ದೆಗಳ ಮೂಲಕ ಗೊತ್ತುಮಾಡಿದೆ: 1948ರ ಕಾರ್ಖಾನೆ ಕಾಯ್ದೆ, 1951ರ ತೋಟ ಕಾರ್ಮಿಕರ ಕಾಯ್ದೆ, 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಇವುಗಳಡಿ ನೋಂದಣಿಯಾದ ಸಂಸ್ಥೆಯಲ್ಲಿ ನೀವು ದುಡಿಯುತ್ತಿರಬೇಕು. ನಿಮ್ಮ ವಯಸ್ಸು 18ರಿಂದ 52ರೊಳಗಿರಬೇಕು.

ಈ ಪಟ್ಟಿಯ ಮುಂದೆ ನಮ್ಮ ಊರಿನ ಹೆಣ್ಣುಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಮನೆಗೆಲಸದಾಕೆ ಈ ಐದರಲ್ಲಿ ಎಲ್ಲೂ ಇಲ್ಲ. ಗಾರೆ ಕೆಲಸಕ್ಕೆ ತಲೆಯ ಮೇಲೆ ಜಲ್ಲಿ ಹೊತ್ತು ಮೂರನೇ ಮಹಡಿ ಹತ್ತುವವಳು ಇಲ್ಲ. ಕಳೆ ಕೀಳುವ, ನಾಟಿ ಹಾಕುವ ಕೂಲಿಯವಳು ಇಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳು ಇಲ್ಲ. ಹಳ್ಳಿಯ ಹುಡುಗಿಯರಿಗೆ ಮುಟ್ಟಿನ ದಿನಗಳ ಕಾಳಜಿ ಹೇಳಿಕೊಡುವುದು ಆಶಾ ಕಾರ್ಯಕರ್ತೆಯ ಕೆಲಸಗಳಲ್ಲೊಂದು. ಆದರೆ ಅವಳ ಕೈಗೆ ಬರುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಅದು ಗೌರವಧನ. ಆ ಐದು ಕಾಯ್ದೆಗಳಲ್ಲಿ ಅವಳಿಗೂ ಜಾಗವಿಲ್ಲ.

ಗಮನಿಸಿ: ಮೈ ದಂಡಿಸಿ ದುಡಿಯುವವರು, ಶೌಚಾಲಯವಿಲ್ಲದ ಕಡೆ ದುಡಿಯುವವರು, ದಿನದ ಕೂಲಿ ತಪ್ಪಿದರೆ ಒಲೆ ಹಚ್ಚುವುದು ಕಷ್ಟವಾಗುವವರೇ ಹೊರಗುಳಿದಿದ್ದಾರೆ. ಯಾರಿಗೆ ರಜೆಯ ಅಗತ್ಯ ಎಲ್ಲಕ್ಕಿಂತ ಹೆಚ್ಚೋ ಅವರಿಗೇ ಅರ್ಹತೆ ಇಲ್ಲ. ನೋವು ಇರುವುದು ಮೈಯಲ್ಲಿ. ಆದೇಶ ನೋಡುತ್ತಿರುವುದು ಮಾಲೀಕನ ನೋಂದಣಿ ಪತ್ರವನ್ನು.

ರಜೆ ಸಿಗದ ಹೆಣ್ಣಿನ ಗತಿ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆ ಸಾಕ್ಷಿ. ಅಲ್ಲಿಂದ ಕಬ್ಬು ಕಡಿಯಲು ಗುಳೆ ಹೋಗುವ ಜೋಡಿಗಳು ನಮ್ಮ ಗಡಿ ಜಿಲ್ಲೆಗಳಿಗೂ ಬರುತ್ತವೆ. ಒಂದು ದಿನ ತಪ್ಪಿಸಿದರೆ ಗುತ್ತಿಗೆದಾರನಿಗೆ ದಂಡ ಕಟ್ಟಬೇಕು. ಆ ದಂಡಕ್ಕೆ, ಆ ನೋವಿಗೆ ಹೆದರಿ ಸಣ್ಣ ವಯಸ್ಸಿನ ಎಷ್ಟೋ ಹೆಣ್ಣುಮಕ್ಕಳು ಗರ್ಭಕೋಶವನ್ನೇ ತೆಗೆಸಿಕೊಂಡ ಸಂಗತಿ 2019ರಲ್ಲಿ ಬಯಲಾಯಿತು. ತಿಂಗಳಿಗೊಂದು ದಿನ ಸಂಬಳ ಸಹಿತ ಕೂರುವ ಅವಕಾಶ ಇಲ್ಲದ ಕಡೆ ಹೆಣ್ಣು ತೆರುವ ಬೆಲೆ ಇಷ್ಟು.

ಒಳಗಿರುವವರಿಗೂ ಪೂರ್ತಿ ದಕ್ಕಿಲ್ಲ

ಗಾರ್ಮೆಂಟ್ಸ್ ಕೆಲಸದ ಅಕ್ಕತಂಗಿಯರಿಗೆ ಇದು ಚೆನ್ನಾಗಿ ಗೊತ್ತು. ಎಷ್ಟೋ ಫ್ಯಾಕ್ಟರಿಗಳಲ್ಲಿ ತಿಂಗಳಿಡೀ ಒಂದು ದಿನವೂ ತಪ್ಪಿಸದವರಿಗೆ ಹಾಜರಿ ಬೋನಸ್ ಇರುತ್ತದೆ. ಮುಟ್ಟಿನ ರಜೆ ತೆಗೆದುಕೊಂಡ ದಿನವನ್ನು ಗೈರುಹಾಜರಿ ಎಂದು ಹಿಡಿದರೆ ದಿನದ ಕೂಲಿ ಉಳಿದರೂ ಬೋನಸ್ ಕೈತಪ್ಪುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ರಜೆಗೆ ಹೋದವಳ ಪೀಸುಗಳನ್ನು ಅದೇ ಲೈನಿನಲ್ಲಿ ಉಳಿದವರ ಟಾರ್ಗೆಟ್ಟಿಗೆ ಸೇರಿಸಿದರಂತೂ ಗೆಳತಿಯರ ನಡುವೆಯೇ ಮುನಿಸು ಹುಟ್ಟುತ್ತದೆ.

ದಕ್ಷಿಣ ಕನ್ನಡದಲ್ಲಿ ಮನೆಯ ಜಗಲಿಯ ಮೇಲೆ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವ ಅಕ್ಕನನ್ನು ನೆನೆಯಿರಿ. ಮನೆಯಲ್ಲಿ ಕೂತು ಕಟ್ಟಿದರೂ ಬೀಡಿ ಕಾಯ್ದೆಯ ಲೆಕ್ಕದಲ್ಲಿ ಅವಳು ಕಾರ್ಮಿಕಳೇ. ಆದರೆ ಅವಳಿಗೆ ಕೂಲಿ ಸಿಗುವುದು ಸಾವಿರ ಬೀಡಿಗೆ ಇಷ್ಟು ಎಂದು. ಒಂದು ದಿನ ಎಲೆ ಕತ್ತರಿಸದೆ, ನೂಲು ಸುತ್ತದೆ ಮಲಗಿದರೆ ಆ ದಿನದ ಸಂಬಳ ಎಷ್ಟು, ಕೊಡುವವರು ಯಾರು, ಬೀಡಿ ಎಣಿಸಿಕೊಳ್ಳುವ ಕಂಟ್ರಾಕ್ಟರೋ ಕಂಪನಿಯೋ? ಇದನ್ನು ನಿಯಮ ಬಿಡಿಸಿ ಹೇಳಬೇಕು. ಹಿಂದಿನ ತಿಂಗಳ ಗಳಿಕೆಯ ದಿನದ ಸರಾಸರಿ ಹಿಡಿದು ಕಂಪನಿಯೇ ಕೊಡಬೇಕು ಎಂಬುದು ನಮ್ಮ ಮಾತು.

ವಯಸ್ಸಿನ ಗೆರೆಯೂ ಸರಿಯಾಗಿಲ್ಲ. 18 ತುಂಬದ ಹುಡುಗಿಯರು ಅಪಾಯವಿಲ್ಲದ ಕೆಲಸಗಳಲ್ಲಿ ದುಡಿಯಲು ಕಾನೂನೇ ಅವಕಾಶ ಕೊಟ್ಟಿದೆ. ಅವರಿಗೆ ಮುಟ್ಟಿಲ್ಲವೇ? ಮುಟ್ಟು ನಿಲ್ಲುವ ಕಾಲದಲ್ಲಿ ಸ್ರಾವ ಇನ್ನಷ್ಟು ಹೆಚ್ಚುವುದನ್ನು ನಮ್ಮ ಅಮ್ಮಂದಿರಲ್ಲಿ ಕಂಡಿದ್ದೇವೆ. ಕೆಲವರಿಗೆ ಅದು 52 ದಾಟಿದ ಮೇಲೂ ಇರುತ್ತದೆ. ಮುಟ್ಟು ನಿಂತವರು ಈ ರಜೆ ಕೇಳುವುದಿಲ್ಲ. ಹಾಗಿರುವಾಗ ಗೆರೆ ಯಾಕೆ?

ಅಡಿಪಾಯ ಗಟ್ಟಿಯಾಗಬೇಕು

ಈಗಿನ ರಜೆ ನಿಂತಿರುವುದು ಒಂದು ಸರ್ಕಾರಿ ಆದೇಶದ ಮೇಲೆ. ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. 2025ರ ಡಿಸೆಂಬರ್ 9ರಂದು ನ್ಯಾಯಾಲಯ ಮಧ್ಯಂತರ ತಡೆ ಕೊಟ್ಟು, ಅದೇ ದಿನ ಆ ತಡೆಯನ್ನು ಹಿಂದಕ್ಕೆ ಪಡೆಯಿತು. ಲಕ್ಷಾಂತರ ಹೆಣ್ಣುಮಕ್ಕಳ ರಜೆ ಒಂದೇ ದಿನದಲ್ಲಿ ಹೋಗಿ ಬಂದ ಹಾಗಾಯಿತು. ಆದೇಶಕ್ಕೆ ಇರುವ ಬಲ ಅಷ್ಟೇ.

ಇನ್ನೊಂದು ಅಪಾಯವಿದೆ. ಆದೇಶ ಹೊರಬಿದ್ದ ಅದೇ ನವೆಂಬರ್ ತಿಂಗಳ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಆದೇಶ ಹೆಸರಿಸಿದ ಐದು ಕಾಯ್ದೆಗಳಲ್ಲಿ ಕಾರ್ಖಾನೆ, ತೋಟ, ಮೋಟಾರು ಸಾರಿಗೆ, ಬೀಡಿ ಈ ನಾಲ್ಕೂ ಕಾಯ್ದೆಗಳು ಸಂಹಿತೆಯಲ್ಲಿ ಲೀನವಾಗಿವೆ. ಹಳೆಯ ಕಾಯ್ದೆಯ ಜಾಗದಲ್ಲಿ ಹೊಸದನ್ನು ಓದಿಕೊಂಡರಾಯಿತು ಎನ್ನಬಹುದು. ಆದರೆ ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸಿ ಹತ್ತು ಜನ ದುಡಿದರೆ ಅದು ಕಾರ್ಖಾನೆ, ಹೊಸ ಸಂಹಿತೆಯಲ್ಲಿ ಇಪ್ಪತ್ತು ಜನ ಬೇಕು. ವಿದ್ಯುತ್ ಇಲ್ಲದ ಕಡೆ ಇಪ್ಪತ್ತು ಇದ್ದದ್ದು ನಲವತ್ತಾಗಿದೆ. ಗಲ್ಲಿಯೊಳಗಿನ ಸಣ್ಣ ಹೊಲಿಗೆ ಘಟಕದ ಹನ್ನೆರಡು ಹೆಣ್ಣುಮಕ್ಕಳು ಇವತ್ತು ಒಳಗೋ ಹೊರಗೋ ಎಂದು ಮಾಲೀಕ ತಕರಾರು ತೆಗೆದರೆ ಅವರ ಪರವಾಗಿ ವಾದಿಸಲು ಒಂದು ಗಟ್ಟಿ ಕಾಯ್ದೆ ಬೇಕು. ವಿಧಾನಸಭೆ, ವಿಧಾನಪರಿಷತ್ತು ಕೂತು ಅಂಗೀಕರಿಸಿದ ಕಾಯ್ದೆ ಬೇಕು. ಅದರ ಮೊದಲ ಸಾಲಿನಲ್ಲೇ "ದುಡಿಯುವ ಪ್ರತಿ ಮಹಿಳೆ" ಎಂದಿರಬೇಕು.

ನಮ್ಮನ್ನು ಕೇಳುವ ಪ್ರಶ್ನೆಗಳು

"ಹೀಗಾದರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ" ಎನ್ನುತ್ತಾರೆ. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಆತಂಕ ವ್ಯಕ್ತಪಡಿಸಿ, ಇದು ಸರ್ಕಾರಗಳು ನೀತಿಯಾಗಿ ಯೋಚಿಸಬೇಕಾದ ವಿಷಯ ಎಂದಿತು. ಆತಂಕ ಸುಳ್ಳಲ್ಲ. ಹೆರಿಗೆ ರಜೆಯ ಬಗ್ಗೆಯೂ ಇದೇ ಮಾತು ಕೇಳಿದ್ದೇವೆ. ಹಾಗೆಂದು ಹೆರಿಗೆ ರಜೆಯನ್ನು ಯಾರೂ ಕೈಬಿಡಲಿಲ್ಲ, 2017ರಲ್ಲಿ ಅದನ್ನು 12 ವಾರದಿಂದ 26 ವಾರಕ್ಕೆ ಏರಿಸಲಾಯಿತು. ಇಲ್ಲಿ ಕೇಳುತ್ತಿರುವುದು ತಿಂಗಳಿಗೆ ಒಂದು ದಿನ. ಗಾರ್ಮೆಂಟ್ಸನ್ನಾಗಲಿ, ಮನೆಗೆಲಸವನ್ನಾಗಲಿ, ಬೀಡಿಯನ್ನಾಗಲಿ ಹೆಣ್ಣುಮಕ್ಕಳ ಕೈ ಇಲ್ಲದೆ ನಡೆಸಬಲ್ಲವರು ಯಾರು?

"ಹಿಂದೆ ಮೂರು ದಿನ ಹೊರಗೆ ಕೂರಿಸುತ್ತಿದ್ದರಲ್ಲ, ಮತ್ತೆ ಅದೇ ಮೈಲಿಗೆಯೇ?" ಎಂದು ಕೇಳುವವರಿದ್ದಾರೆ. ಹೊರಗೆ ಕೂತ ನಮ್ಮ ಅಜ್ಜಿಯಂದಿರಿಗೆ ಅಡುಗೆಮನೆ, ದೇವರ ಮನೆ ಮುಚ್ಚಿತ್ತು. ಹೊಲದ ಕೆಲಸಕ್ಕೆ, ಸಗಣಿ ಬಾಚುವುದಕ್ಕೆ ಯಾವ ತಡೆಯೂ ಇರಲಿಲ್ಲ. ಅದು ಬೇರೆಯವರು ಹೇರಿದ ದೂರ. ಈ ರಜೆ ಅವಳಾಗಿ ಕೇಳಿ ಪಡೆಯುವ ವಿಶ್ರಾಂತಿ. ಬೇಡವೆಂದರೆ ಕೆಲಸಕ್ಕೆ ಹೋಗುತ್ತಾಳೆ, ಯಾರೂ ಬಲವಂತ ಮಾಡುವಂತಿಲ್ಲ.

"ಮನೆಗೆಲಸಕ್ಕೆಲ್ಲ ಕಾನೂನು ಹಾಕಲಾಗುತ್ತದೆಯೇ?" ಆಗುತ್ತದೆ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿ 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು. ನಾಲ್ಕು ಗೋಡೆಯೊಳಗಿನ ಕೆಲಸಕ್ಕೆ ಕೂಲಿ ನಿಗದಿ ಮಾಡಬಹುದಾದರೆ ರಜೆಯನ್ನೂ ನಿಗದಿ ಮಾಡಬಹುದು.

"ದುಡ್ಡು ಎಲ್ಲಿಂದ?" ಲೆಕ್ಕ ಹಾಕೋಣ. ಒಂದು ಮನೆಯವರು ತಿಂಗಳಿಗೆ ₹3,000 ಕೊಡುತ್ತಿದ್ದರೆ ಒಂದು ದಿನದ ಪಾಲು ₹100. ಈ ನೂರು ರೂಪಾಯಿಯಿಂದ ಯಾರ ಮನೆಯೂ ಮುಳುಗುವುದಿಲ್ಲ. ನಾಲ್ಕು ಮನೆ ಮಾಡುವವಳಿಗೆ ಅದೇ ನೂರು ನಾನೂರಾಗುತ್ತದೆ, ಒಂದು ವಾರದ ತರಕಾರಿ ಹಾಲು ಸಾಗುತ್ತದೆ. ಕಟ್ಟಡ ಕಾರ್ಮಿಕರ ವಿಷಯದಲ್ಲಂತೂ ದುಡ್ಡು ಆಗಲೇ ಇದೆ. ಕಟ್ಟಡ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ಸಂಗ್ರಹವಾಗಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಅದು ಅವರ ಬೆವರಿನ ದುಡ್ಡು. ಕಾರ್ಡ್ ಇರುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಒಂದು ದಿನದ ಕನಿಷ್ಠ ಕೂಲಿಯನ್ನು ಆ ನಿಧಿಯಿಂದ ನೇರ ಖಾತೆಗೆ ಹಾಕಬಹುದು.

ನಮ್ಮ ಹಕ್ಕೊತ್ತಾಯಗಳು

1. ಮುಟ್ಟಿನ ರಜೆ ಕಾಯ್ದೆಯಾಗಲಿ. ಅರ್ಹತೆಗೆ ಮಾಲೀಕನ ನೋಂದಣಿ ಆಧಾರವಾಗದೆ ಹೆಣ್ಣಿನ ದುಡಿಮೆ ಆಧಾರವಾಗಲಿ.

2. ಮನೆಗೆಲಸದವರು, ಕಟ್ಟಡ ಮತ್ತು ಕೃಷಿ ಕೂಲಿಗಳು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದ ಅಡುಗೆಯವರು ಕಾಯ್ದೆಯಲ್ಲಿ ಹೆಸರು ಹೆಸರಾಗಿ ಸೇರಲಿ.

3. ಒಬ್ಬ ಮಾಲೀಕ ಇಲ್ಲದ ಕಡೆ ಕಲ್ಯಾಣ ಮಂಡಳಿಗಳ ನಿಧಿಯಿಂದ ಆ ದಿನದ ಕನಿಷ್ಠ ಕೂಲಿ ಸಿಗಲಿ.

4. ರಜೆಯ ದಿನವನ್ನು ಹಾಜರಿ ಎಂದೇ ಎಣಿಸಲಿ. ಹಾಜರಿ ಬೋನಸ್, ವಾರದ ರಜೆ, ಇಎಸ್‌ಐ, ಪಿಎಫ್ ಯಾವುದಕ್ಕೂ ಧಕ್ಕೆ ಬಾರದಿರಲಿ. ಪೀಸ್ ಲೆಕ್ಕದವರಿಗೆ ಸರಾಸರಿ ಗಳಿಕೆಯ ಮೇಲೆ ಕೂಲಿ ಕೊಡಲಿ.

5. 18–52ರ ವಯೋಮಿತಿ ಹೋಗಲಿ. ವೈದ್ಯರ ಚೀಟಿ ಬೇಡ ಎಂಬ ಈಗಿನ ನಿಯಮ ಹಾಗೆಯೇ ಉಳಿಯಲಿ.

6. ರಜೆ ಕೇಳಿದ್ದಕ್ಕೆ ಕೆಲಸದಿಂದ ತೆಗೆದರೆ ಮಾಲೀಕನಿಗೆ ದಂಡ ಬೀಳಲಿ. ದೂರು ಕೊಡಲು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲೇ ವ್ಯವಸ್ಥೆಯಾಗಲಿ.

ನೀವು ಮಾಡಬಹುದಾದದ್ದು

ಕೆಲಸಕ್ಕೆ ಹೋಗುವ ಅಕ್ಕತಂಗಿಯರೇ, ನಿಮ್ಮ ಕೆಲಸ ಆ ಐದು ಕಾಯ್ದೆಗಳಡಿ ಬರುತ್ತಿದ್ದರೆ ರಜೆಯನ್ನು ಕೇಳಿ ತೆಗೆದುಕೊಳ್ಳಿ. ಬಳಸದ ಹಕ್ಕು ಸವೆದುಹೋಗುತ್ತದೆ. ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ, ಒಂದು ಪ್ರತಿ ನಿಮ್ಮಲ್ಲಿಟ್ಟುಕೊಳ್ಳಿ. ಈ ಕರಪತ್ರವನ್ನು ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಸ್ವಸಹಾಯ ಸಂಘದ ಸಭೆಯಲ್ಲಿ ಓದಿ ಹೇಳಿ. ನಿಮ್ಮ ಶಾಸಕರು ಊರಿಗೆ ಬಂದಾಗ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ.

ಅಣ್ಣತಮ್ಮಂದಿರೇ, ನಿಮ್ಮ ಯೂನಿಯನ್ನಿನ ಬೇಡಿಕೆಪಟ್ಟಿಯಲ್ಲಿ ಇದು ಕೊನೆಯ ಸಾಲಾಗದಿರಲಿ.

ಮನೆಗೆಲಸಕ್ಕೆ ಜನ ಇಟ್ಟುಕೊಂಡಿರುವವರೇ, ನೀವು ಯಾವ ಕಾಯ್ದೆಗೂ ಕಾಯಬೇಕಾಗಿಲ್ಲ. ಇವತ್ತು ಸಂಜೆಯೇ ಅವಳಿಗೆ ಹೇಳಿ: "ತಿಂಗಳಿಗೆ ಒಂದು ದಿನ ನೀನು ಹೇಳಿದ ದಿನ ರಜೆ. ದುಡ್ಡು ಮುರಿಯುವುದಿಲ್ಲ. ನಮ್ಮ ಬಚ್ಚಲು ನಿನಗೂ ತೆರೆದಿದೆ." ಆ ಏಳನೇ ಮಹಡಿಯಲ್ಲಿ ಮಲಗಿದ್ದ ಮಗಳು ಎದ್ದು ಬಂದು ಈ ಮೂರು ಮಾತು ಹೇಳಿದರೆ ಒಂದು ಮನೆಯ ಮಟ್ಟಿಗೆ ಕಾಯ್ದೆ ಜಾರಿಯಾದ ಹಾಗೆ. ಉಳಿದ ಮನೆಗಳಿಗೆ, ಗಾರೆ ಕೆಲಸದ ಕಟ್ಟಡಗಳಿಗೆ, ಹೊಲಗಳಿಗೆ ಅದನ್ನು ಮುಟ್ಟಿಸುವ ಹೊಣೆ ಸರ್ಕಾರದ್ದು. ಮುಟ್ಟಿಸುವ ತನಕ ಕೇಳುತ್ತಲೇ ಇರುವುದು ನಮ್ಮದು.

ದುಡಿಯುವ ಹೆಣ್ಣುಮಕ್ಕಳ ಪರವಾಗಿ

(ಓದಿದ ಮೇಲೆ ಇನ್ನೊಬ್ಬರ ಕೈಗೆ ಕೊಡಿ)